ಅಗ್ಗದ ಸೀಮೆಯಲ್ಲಿ ಮನೆಯ ಬಾಡಿಗೆ

ಮೈಸೂರು ಸೀಮೆಯಲ್ಲಿ ಬದುಕು ಅಗ್ಗವೆಂಬ ಹೆಸರು ಬಹುಕಾಲ ನಡೆದುಬಂದುದು. ಹೊರಗಿನ ಪ್ರಾಂತಗಳಲ್ಲಿ ನೌಕರಿ ಮುಗಿಸಿದವರು ವಿಶ್ರಾಂತಿವೇತನವನ್ನು ನಂಬಿ ಬೆಂಗಳೂರಿಗೆ ಬಂದು ನೆಲೆಸುತ್ತಿದ್ದುದಕ್ಕೆ ಇಲ್ಲಿಯ ಹವೆ ಒಂದು ಕಾರಣವಾದರೆ, ಈ ಹೆಸರು ಮತ್ತೊಂದು. ಅಗ್ಗವೆಂದೊಡನೆ ನಮ್ಮ ಮನಸ್ಸು ರಾಗಿ, ಅಕ್ಕಿ, ತುಪ್ಪಗಳ ಧಾರಣೆಯ ಕಡೆಗೆ ಓಡುತ್ತದೆ. ಆದರೆ ಸಂಬಳದ ಮೇಲೆ ಬಾಳುವವನ ಲೆಕ್ಕದಲ್ಲಿ ಇವುಗಳಿಗಿಂತ ಹಟಮಾರಿಯಾದ ಬಾಬು ಇನ್ನೊಂದುಂಟು. ಅಕ್ಕಿ ದುಬಾರಿಯಾದರೆ ರಾಗಿ ಉಣ್ಣಬಹುದು; ಮನೆಗೆ ಅಂತಹ ಬದಲಿಯಿಲ್ಲ. ಅಗ್ಗವೆಂಬ ಹೆಸರಿಗೆ ಬೆಂಗಳೂರಿನ ಮನೆಗಳು ಎಷ್ಟರ ಮಟ್ಟಿಗೆ ಆಧಾರವಾಗಿದ್ದುವು ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಹಳೆಯ ಪೇಟೆಯಲ್ಲಿ ಬಡವನಿಗೂ ಚಿಕ್ಕ ಗುಮಾಸ್ತನಿಗೂ ದೊರೆಯುತ್ತಿದ್ದುದು ವಠಾರ. ಒಂದು ಅಂಗಳ, ಅದರ ಸುತ್ತ ಸಾಲು ಕೋಣೆಗಳು, ಎಲ್ಲರಿಗೂ ಒಂದೇ ಬಾವಿ. ಬಾಡಿಗೆ ಕಡಮೆ, ಗಾಳಿ ಬೆಳಕು ಇನ್ನೂ ಕಡಮೆ. ಈ ಅಗ್ಗದ ನಿಜವಾದ ಬೆಲೆ 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಊರನ್ನು ಹೊಕ್ಕಾಗ ಗೊತ್ತಾಯಿತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಬಯಲಿನ ಗುಡಿಸಲುಗಳಿಗೆ ಓಡಿದರು. ಪ್ಲೇಗಮ್ಮನ ಗುಡಿಗಳು ಎದ್ದುವು.

ಆ ಸಂಕಟದಲ್ಲಿ ಸರ್ಕಾರವು ಬರಿಗೈಯಲ್ಲಿ ನಿಂತಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1892ರಲ್ಲಿಯೇ ಚಾಮರಾಜಪೇಟೆ ಏರ್ಪಟ್ಟಿತ್ತು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಹರಿದುಬಂದಿತ್ತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಈ ಎರಡು ಬಡಾವಣೆಗಳು ಎದ್ದುವು. ನೇರವಾದ ಅಗಲ ಬೀದಿಗಳು, ಮನೆಯ ಸುತ್ತ ತೆರಪು, ಹಿಂದುಗಡೆ ಕಸ ಮಲಗಳನ್ನು ಸಾಗಿಸಲು ಬೇರೆ ಓಣಿ. ವಠಾರದಲ್ಲಿ ಹುಟ್ಟಿದವನಿಗೆ ಇದು ಹೊಸ ಲೋಕವೇ ಸರಿ. ಆದರೆ ಈ ನಿವೇಶನಗಳನ್ನು ಜಾತಿವಾರಾಗಿ ವಿಂಗಡಿಸಿದ್ದರೆಂಬುದನ್ನು ನಾವು ಮುಚ್ಚಿಡಬಾರದು. ಹಿಂದಿನ ಓಣಿಯಲ್ಲಿ ಮಲ ಹೊತ್ತವನಿಗೆ ಮುಂದಿನ ಬೀದಿಯಲ್ಲಿ ಮನೆಯಿರಲಿಲ್ಲ. ಕಟ್ಟಲು ಹಣವಿಲ್ಲದವರೂ ಪ್ಲೇಗು ಇಳಿದೊಡನೆ ಹಳೆಯ ಕೋಣೆಗೇ ಮರಳಿದರು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಜನ ಬರುವುದಕ್ಕೆ ಮೊದಲೇ ನೆಲವನ್ನು ಅಳೆದು, ಬೀದಿ ಹಾಕಿ, ನೀರು ತರುವ ಪದ್ಧತಿ ಇಲ್ಲಿ ಬೇರೂರಿತು. ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಲಿ ಸ್ಥಾಪಿತವಾಯಿತು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟುವವರ ಸಹಕಾರ ಸಂಘವು ಹುಟ್ಟಿತು. ಭಾರತದಲ್ಲಿ ಇಂತಹುದರಲ್ಲಿ ಇದೇ ಮೊದಲನೆಯದೆಂದು ಎಣಿಸುತ್ತಾರೆ. ಮಧ್ಯಮ ವರ್ಗದವನು ಸಾಹುಕಾರನ ಬಡ್ಡಿಗೆ ಸಿಕ್ಕದೆ ಮನೆಯ ಒಡೆಯನಾಗಲು ಇದಕ್ಕಿಂತ ಒಳ್ಳೆಯ ದಾರಿ ಆಗ ಇರಲಿಲ್ಲವೆಂದು ನಮ್ಮ ಅಭಿಪ್ರಾಯ.

ಅಂಕೆ ತಪ್ಪಿದುದು ಎರಡನೆಯ ಮಹಾಯುದ್ಧದಲ್ಲಿ. 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ಬಂದಿತು, ಸೈನ್ಯ ಬಂದಿತು, ಇವೆರಡನ್ನೂ ಹಿಂಬಾಲಿಸಿ ಕೆಲಸ ಹುಡುಕುವವರು ಬಂದರು. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿಯೂ ನಿಂತಿತು. ಪೇಟೆ ದಂಡುಗಳೆರಡೂ ಸೇರಿ 1941ರಲ್ಲಿ ಸುಮಾರು 4 ಲಕ್ಷವಿದ್ದ ಜನ 1951ರ ವೇಳೆಗೆ 8 ಲಕ್ಷದ ಹತ್ತಿರಕ್ಕೆ ಏರಿದರು. ಮನೆಗಳು ಅಷ್ಟು ಬೇಗ ಏಳುವುವೆ? ಬೆಂಗಳೂರಿಗೆ ನಗರಾಭಿವೃದ್ಧಿ ಮಂಡಲಿ ಬಂದುದು 1945ರಲ್ಲಿ. ಜಯನಗರಕ್ಕೆ ತಳಹದಿ ಬಿದ್ದುದು 1948ರಲ್ಲಿ. ನೆಲ ಮುಂದೆ, ಜನ ಹಿಂದೆ ಎಂಬ ಕ್ರಮವು ಅಷ್ಟರಲ್ಲಿ ತಲೆಕೆಳಗಾಗಿದ್ದಿತು.

ಆಗ ಉಳಿದ ಉಪಾಯವೆಂದರೆ ಬಾಡಿಗೆಗೆ ಕಟ್ಟು ಹಾಕುವುದು. 1951ರಲ್ಲಿ ಒಂದು ಕಾಯಿದೆ, 1961ರಲ್ಲಿ ಮತ್ತೊಂದು. ಬಾಡಿಗೆದಾರನನ್ನು ಬೀದಿಗೆ ತಳ್ಳದಂತೆ ಇವು ಕಾಪಾಡಿದುವು. ಇದೇನು ಸಾಮಾನ್ಯ ಉಪಕಾರವಲ್ಲ. ಆದರೆ ಕಾಯಿದೆಯು ಇದ್ದ ಮನೆಯನ್ನು ಕಾಯಬಲ್ಲುದು, ಇಲ್ಲದ ಮನೆಯನ್ನು ಕಟ್ಟಲಾರದು. ಹಳೆಯ ಬಾಡಿಗೆಯಿಂದ ಸುಣ್ಣದ ಖರ್ಚೂ ಹುಟ್ಟದೆಂದು ಒಡೆಯನು ರಿಪೇರಿಯನ್ನು ಬಿಟ್ಟನು. ಮನೆ ಖಾಲಿಯಾದರೆ ಬೀಗ ಹಾಕಿಟ್ಟುಕೊಂಡನು. 1961ರ ಕಾಯಿದೆಯು 2001ರ ಕೊನೆಯ ದಿನದವರೆಗೆ ನಡೆಯಿತು. ಆ ನಡುವೆ ಚಿಕ್ಕಪೇಟೆಯಂತಹ ಬೀದಿಗಳಲ್ಲಿ ಅಜ್ಜನ ಕಾಲದ ಬಾಡಿಗೆಯನ್ನೇ ಕೊಡುತ್ತಿದ್ದ ಮಳಿಗೆಯವನ ಪಕ್ಕದಲ್ಲಿ, ಅದರ ಎಷ್ಟೋ ಮಡಿಯನ್ನು ತಿಂಗಳು ತಿಂಗಳಿಗೆ ತೆರುತ್ತಿದ್ದ ಹೊಸಬನೂ, ಇಬ್ಬರಿಗೂ ಒಂದೇ ಗೋಡೆಯಾಗಿ, ವ್ಯಾಪಾರಮಾಡುತ್ತಿದ್ದರು.