ಲೈನ್‌ಮನ್

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಲೈನ್‌ಮನ್ ಎಂಬ ಮಾತಿಗೆ ಬಹುವಚನ ಹತ್ತುವುದು ಕರೆಂಟು ಹೋದಾಗ ಮಾತ್ರ. ಮನೆಯಲ್ಲಿ ಬೆಳಕಿದ್ದಾಗ ‘ಲೈನ್‌ಮನ್ ಆ ಕಡೆ ಹೋದ’ ಎನ್ನುವವರೇ, ಮುಂಗಾರಿಗೆ ಮುಂಚಿನ ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಊರು ಕತ್ತಲಾದ ಕೂಡಲೆ ‘ಲೈನ್‌ಮನ್ ಬಂದ್ರಾ? ಎಲ್ಲಿದಾರಂತೆ?’ ಎಂದು ಕೇಳತೊಡಗುತ್ತಾರೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ತೋಟಕ್ಕೆ ತ್ರೀ ಫೇಸ್ ಇಲ್ಲದೆ ಎರಡು ದಿನ ಕಳೆದರಂತೂ ಬಹುವಚನದ ಜೊತೆಗೆ ಒಂದು ‘ಅಣ್ಣ’ನೂ ಸೇರುತ್ತದೆ. ಕರೆಂಟು ಬಂದ ಮರುಗಳಿಗೆ ಏಕವಚನ ವಾಪಸು. ಒಬ್ಬ ಮನುಷ್ಯನ ಮರ್ಯಾದೆ ಹೀಗೆ ವೋಲ್ಟೇಜಿನಂತೆ ಏರಿಳಿಯುವುದನ್ನು ನಾನು ಬೇರೆ ಯಾವ ನೌಕರಿಯಲ್ಲೂ ಕಂಡಿಲ್ಲ.

ಪದ ಇಂಗ್ಲಿಷಿನದು. ಆದರೆ ಬಾಳಿದ್ದು ಇಂಗ್ಲಿಷು ಬಾರದವರ ಬಾಯಲ್ಲಿ. ಪೋಸ್ಟ್‌ಮನ್, ಗ್ಯಾಂಗ್‌ಮನ್, ವಾಚ್‌ಮನ್, ವಾಟರ್‌ಮನ್, ಎಲ್ಲ ಒಂದೇ ವಂಶ. ಟೆಲಿಗ್ರಾಫ್ ತಂತಿ ಎಳೆದು ಕಾಯುವವನಿಗೆ ಇಟ್ಟ ಹೆಸರು ಆಮೇಲೆ ವಿದ್ಯುತ್ ತಂತಿಗೆ ದಾಟಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟಿತಲ್ಲ, ಅಷ್ಟುದ್ದದ ತಂತಿಯನ್ನು ಕಾಡು ಹೊಲಗಳ ಮೇಲೆ ಕಾಯುವ ಕೆಲಸ ಮೈಸೂರು ಸೀಮೆಯಲ್ಲಿ ಶುರುವಾದದ್ದು ಅಲ್ಲಿಂದ. ಲ್ಯಾಂಡ್‌ಲೈನ್ ಮನೆಮನೆಗೆ ಬಂದ ಮೇಲೆ ಊರಿಗೆ ಇಬ್ಬರು ಲೈನ್‌ಮನ್ನರಾದರು. ‘ಲೈನ್‌ಮನ್ ಬಂದಿದಾರೆ’ ಎಂದರೆ ‘ಫೋನಿನವರಾ, ಕರೆಂಟಿನವರಾ?’ ಎಂದು ಕೇಳಬೇಕಾಗಿತ್ತು. ಮೊಬೈಲು ಬಂದು ಮೊದಲನೆಯವನನ್ನು ಮರೆಸಿತು, ಪದ ಪೂರ್ತಿಯಾಗಿ ಎರಡನೆಯವನ ಪಾಲಾಯಿತು. ಕಾಗದದ ಮೇಲೆ ಅವನು ‘ಮಾರ್ಗದಾಳು’, ಈಚೆಗೆ ‘ಪವರ್‌ಮ್ಯಾನ್’. ಎರಡೂ ಆದೇಶಪತ್ರದಿಂದ ಕೆಳಗಿಳಿದು ಬೀದಿಗೆ ಬಂದಿಲ್ಲ. ಮಾರ್ಗದಾಳು ಒಳ್ಳೆಯ ಕನ್ನಡವೇ, ಆದರೆ ಮಳೆಯಲ್ಲಿ ನಿಂತು ಕೂಗಿ ಕರೆಯಲು ಬರುವ ಪದವಲ್ಲ.

ಅಂದ ಹಾಗೆ ನಮ್ಮದೇ ಲೈನುಗಳ ಸೀಮೆ. ಬೀರೂರಿನಲ್ಲಿ ರೈಲು ಕವಲೊಡೆಯುತ್ತದೆ: ತರೀಕೆರೆ ಶಿವಮೊಗ್ಗದ ಲೈನಿನಲ್ಲಿ, ಅಜ್ಜಂಪುರ ಹುಬ್ಬಳ್ಳಿ ಲೈನಿನಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ಹೊಸ ಲೈನು 2013ರಲ್ಲಿ ಬಂತು. ಬಯಲಿನವರು ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರೆ ಇರುವುದು ಲೈನ್ ಮನೆಯಲ್ಲಿ. ಕಾಲೇಜಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಹೊಡೆಯುವ ಲೈನು ಬೇರೆ, ಅದಕ್ಕೆ ಕಂಬ ಬೇಕಿಲ್ಲ. ರೈಲಿನವರ ‘ಲೈನ್ ಕ್ಲಿಯರ್’ ಈಗ ಪತ್ರಿಕೆಗಳಲ್ಲಿ ಚುನಾವಣೆಯ ಟಿಕೆಟ್ಟಿಗೂ ಸಿಗುತ್ತದೆ, ಮದುವೆಗೂ ಸಿಗುತ್ತದೆ. ಅದನ್ನೇ ಕಂಬ ಹತ್ತುವವರು ‘ಎಲ್‌ಸಿ’ ಎನ್ನುತ್ತಾರೆ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೊಂಡು, ಆ ಲೈನು ಬಂದ್ ಆಗಿದೆ ಎಂದು ಖಾತ್ರಿ ಮಾಡಿಕೊಂಡೇ ಮೇಲೆ ಹತ್ತಬೇಕು. ಕೆಳಗೆ ನಿಂತವರಿಗೆ ‘ಇನ್ನೂ ಏನ್ ಫೋನ್ ಮಾಡ್ತಾ ನಿಂತಿದಾನೆ’ ಅನ್ನಿಸುವ ಆ ಐದು ನಿಮಿಷವೇ ಅವನ ಜೀವ.

ಇಷ್ಟೆಲ್ಲ ಕೆಲಸ ಮಾಡಿಕೊಂಡಿದ್ದ ಈ ಪದ ಅಮೆರಿಕದಲ್ಲಿ ಇನ್ನೊಂದು ಉದ್ಯೋಗ ಹಿಡಿದಿರುವುದು ನನಗೆ ಗೊತ್ತಾದದ್ದು ಅಕ್ಕನ ಮಗನಿಂದ. ಅವನಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ಫುಟ್‌ಬಾಲ್ ತಂಡದ ಲೀವೈಸ್ ಸ್ಟೇಡಿಯಂ 2014ರಿಂದ ಇರುವುದು ಅದೇ ಊರಿನಲ್ಲಿ. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಅವನ ಭಾನುವಾರಗಳು ಆ ಆಟಕ್ಕೆ ಮುಡಿಪು. ಅಲ್ಲಿಯ ಭಾನುವಾರ ಮಧ್ಯಾಹ್ನದ ಪಂದ್ಯ ನಮಗೆ ತಡರಾತ್ರಿ. ಕೊನೆಯ ದೊಡ್ಡ ಪಂದ್ಯ ಸೂಪರ್ ಬೌಲ್ ಶುರುವಾಗುವುದು ನಮ್ಮ ಸೋಮವಾರ ಬೆಳಗಿನ ಐದಕ್ಕೆ, ಡೇರಿಗೆ ಹಾಲು ಹಾಕುವ ಹೊತ್ತಿಗೆ. ನಾನೂ ಒಂದೆರಡು ಸಲ ಕೂತು ನೋಡಿದೆ. ಒಂದು ಕ್ಷಣ ಗುಂಪು ಕೂಡುತ್ತದೆ, ಮರುಕ್ಷಣ ಎಲ್ಲರೂ ಬಿದ್ದಿರುತ್ತಾರೆ, ಆಮೇಲೆ ಅರ್ಧ ನಿಮಿಷ ಯಾರೂ ಏನೂ ಮಾಡುವುದಿಲ್ಲ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಹತ್ತು ಹನ್ನೆರಡು ನಿಮಿಷ. ‘ಇದಕ್ಕಿಂತ ನಮ್ಮ ಕಬಡ್ಡಿ ವಾಸಿ ಕಣೋ, ಮೂವತ್ತು ಸೆಕೆಂಡಿಗೆ ಒಂದು ರೈಡು’ ಎಂದೆ.

ಅವನು ನಕ್ಕು, ‘ಮಾವ, ನೀವು ಚೆಂಡು ನೋಡ್ತಿದೀರ. ಚೆಂಡು ಬಿಡಿ, ಲೈನ್‌ಮನ್ ನೋಡಿ’ ಎಂದ.

‘ಯಾವ ಲೈನ್‌ಮನ್ನೋ?’

‘ಎದುರಿಗೆ ಬಗ್ಗಿ ನಿಂತಿದಾರಲ್ಲ ಐದು ಜನ ದಪ್ಪ ಆಳುಗಳು, ಅವರು.’

ನನ್ನ ಪಾಠ ಶುರುವಾದದ್ದು ಹೀಗೆ. ಈ ಆಟವನ್ನು ಹೊಸದಾಗಿ ನೋಡುವವರಿಗೆ ಸಾಮಾನ್ಯವಾಗಿ ನಿಯಮಗಳ ಪುಸ್ತಕವನ್ನೇ ಓದಿಸಲು ಹೋಗುತ್ತಾರೆ, ಅಲ್ಲಿಗೆ ಆಸಕ್ತಿ ಸತ್ತುಹೋಗುತ್ತದೆ. ಬೇಕಾದದ್ದು ಇಷ್ಟೇ: ಮೈದಾನದ ಉದ್ದ 100 ಗಜ, ಎರಡು ತುದಿಗೆ ಹತ್ತು ಹತ್ತು ಗಜದ ಗುರಿಯಂಗಳ. ಐದೈದು ಗಜಕ್ಕೊಂದು ಗೆರೆ. ತಂಡಕ್ಕೆ ಹನ್ನೊಂದು ಜನ. ಚೆಂಡು ಇರುವವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಗುರಿಯಂಗಳ ಮುಟ್ಟಿಸಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಯಾರ್ಡ್ ಎಂಬುದನ್ನು ನಾನು ಗಜ ಎಂದೇ ಎಣಿಸುತ್ತೇನೆ, ಬಟ್ಟೆ ಅಂಗಡಿಯ ಹಳೆಯ ಗಜ, ಮೂರು ಅಡಿ. ಆಮೇಲೆ ಆ ಐವರನ್ನು ಕಂಡಾಗ ‘ಗಜ’ದ ಇನ್ನೊಂದು ಅರ್ಥವೂ ಹೊಂದಿತು: ಒಬ್ಬೊಬ್ಬ 140 ಕೆ.ಜಿ. ತೂಗುತ್ತಾನೆ. ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ತಡವರಿಸದೆ ಹೇಳಬಲ್ಲವರಿಗೆ ‘ಲೈನ್ ಆಫ್ ಸ್ಕ್ರಿಮೇಜ್’ ಹೇಳುವುದೇನೂ ಕಷ್ಟವಾಗದು. ಚೆಂಡು ಇಟ್ಟ ಜಾಗದಲ್ಲಿ ಅಡ್ಡಡ್ಡ ಇದೆ ಎಂದು ಭಾವಿಸಬೇಕಾದ ಗೆರೆ ಅದು. ಆ ಗೆರೆ ಕಾಯುವವರೇ ಲೈನ್‌ಮನ್ನರು.

ಆ ಗೆರೆ ಆಟಕ್ಕೆ ಬಂದದ್ದು 1880ರಲ್ಲಿ, ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬಾತನಿಂದ. ಅಲ್ಲಿಯವರೆಗೆ ರಗ್ಬಿಯ ಹಾಗೆ ಚೆಂಡಿಗೆ ಎಲ್ಲರೂ ಮುಗಿಬೀಳುತ್ತಿದ್ದರು. ಕ್ಯಾಂಪ್ ಚೆಂಡನ್ನು ಒಂದು ತಂಡದ ಸ್ವಾಧೀನಕ್ಕೆ ಕೊಟ್ಟ. ಕೊಟ್ಟದ್ದೇ ತಡ, 1881ರಲ್ಲಿ ಪ್ರಿನ್ಸ್‌ಟನ್ ಮತ್ತು ಯೇಲ್ ಸೇರಿ ಆಟವನ್ನೇ ನಗೆಪಾಟಲು ಮಾಡಿದರು: ಮೊದಲರ್ಧ ಪ್ರಿನ್ಸ್‌ಟನ್ ಚೆಂಡು ಬಿಡದೆ ಕೂತಿತು, ಎರಡನೆಯ ಅರ್ಧ ಯೇಲ್ ಕೂತಿತು, ಪಂದ್ಯ ಸೊನ್ನೆ ಸೊನ್ನೆ. ಹಿಡಿದ ಜಮೀನು ಬಿಡದವರ ವ್ಯಾಜ್ಯ ನಮಗೇನು ಹೊಸದೇ? ಕ್ಯಾಂಪ್ ಮಾತ್ರ ಕೋರ್ಟಿಗೆ ಹೋಗದೆ ಮರುವರ್ಷವೇ ಹೊಸ ಕಾಯಿದೆ ತಂದ. ಮೂರು ಅವಕಾಶದಲ್ಲಿ ಐದು ಗಜ ಮುಂದೆ ಹೋಗಿ, ಇಲ್ಲವೆ ಚೆಂಡು ಬಿಡಿ. ಅಳೆಯಬೇಕಲ್ಲ, ಅದಕ್ಕೇ ಮೈದಾನದ ತುಂಬ ಗೆರೆ ಎಳೆದರು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ನಾಲ್ಕು ಅವಕಾಶ, ಹತ್ತು ಗಜ ಎಂಬ ಈಗಿನ ಲೆಕ್ಕ ನಿಂತದ್ದು 1912ರಲ್ಲಿ. ಮೆಸ್ಕಾಂ ಗ್ರಾಹಕರಿಗೆ 1912 ಬಾಯಿಪಾಠ. ಕರೆಂಟು ಹೋದಾಗ ಒತ್ತುವ ಸಂಖ್ಯೆ ಅದೇ. ಕಾಕತಾಳೀಯ, ಆದರೆ ನನಗೆ ಆ ವರ್ಷ ನೆನಪಿರುವುದು ಅದರಿಂದಲೇ.

ಅಕ್ಕನ ಮಗ ಹೇಳಿಕೊಟ್ಟ ಸೂತ್ರ ಹೀಗಿದೆ. ಚೆಂಡು ಕಾಲ್ಸಂದಿಯಿಂದ ಹಿಂದಕ್ಕೆ ಹೋದ ಕ್ಷಣ ಆ ಐವರ ಮೊದಲ ಹೆಜ್ಜೆ ನೋಡಬೇಕು. ಮುಂದಕ್ಕೆ ನುಗ್ಗಿದರೆ ಚೆಂಡು ಹಿಡಿದು ಓಡುವ ಯೋಜನೆ. ಮೈ ನೆಟ್ಟಗೆ ಮಾಡಿ ಹಿಂದಕ್ಕೆ ಸರಿದರೆ ಎಸೆಯುವ ಯೋಜನೆ, ಅವರು ಕ್ವಾರ್ಟರ್‌ಬ್ಯಾಕ್ ಎಂಬ ನಾಯಕನ ಸುತ್ತ ಗೋಡೆ ಕಟ್ಟುತ್ತಿದ್ದಾರೆ ಎಂದರ್ಥ. ಕೆಲವು ಸಲ ಎದುರಾಳಿಯನ್ನು ಏಮಾರಿಸಲು ಓಡಿಸುವವರ ಹಾಗೆ ನಟಿಸುವುದೂ ಉಂಟು. ಇಷ್ಟು ಕಣ್ಣಿಗೆ ಹತ್ತಿದ ಮೇಲೆ ಗುಂಪು ಗುಂಪಾಗಿ ಕಾಣುವುದು ನಿಂತಿತು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗೆ ಇಬ್ಬರು ಟ್ಯಾಕಲ್. ಯಾರು ಯಾರನ್ನು ತಡೆದರು, ಯಾರ ಕೈ ಜಾರಿತು ಎಲ್ಲ ಬಿಡಿಬಿಡಿಯಾಗಿ ಕಾಣತೊಡಗಿತು. ಆ ಅರ್ಧ ನಿಮಿಷದ ಬಿಡುವೂ ಬೇಸರವೆನಿಸಲಿಲ್ಲ, ಮುಂದಿನದು ಏನೆಂದು ಊಹಿಸಲು ಅಷ್ಟು ಹೊತ್ತು ಬೇಕೇ ಬೇಕು.

ಈ ಐವರ ಬಾಳು ನೋಡಿ. ಅವರು ಚೆಂಡು ಹಿಡಿಯುವ ಹಾಗಿಲ್ಲ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ಅರ್ಹರಲ್ಲ ಎಂದು ತಿಳಿಸಲೆಂದೇ ಅವರ ಅಂಗಿಗೆ 50ರಿಂದ 79ರೊಳಗಿನ ಸಂಖ್ಯೆ. ಅಂಕ ಅವರ ಹೆಸರಿಗೆ ಬೀಳುವುದಿಲ್ಲ. ಕಬಡ್ಡಿಯಲ್ಲಾದರೆ ಕಾಲು ಹಿಡಿದವನಿಗೂ ಒಂದು ಅಂಕ ಉಂಟು. ಪವನ್ ಸೆಹ್ರಾವತ್ 2019ರ ಜನವರಿಯ ಫೈನಲ್ಲಿನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸನ್ನು ಗೆಲ್ಲಿಸಿದ್ದು ನಮಗೆ ನೆನಪಿದೆ, ಏಕೆಂದರೆ ಎಣಿಸಲು ಏನೋ ಇತ್ತು. ಅಮೆರಿಕದ ಲೈನ್‌ಮನ್ ಚೆನ್ನಾಗಿ ಕೆಲಸ ಮಾಡಿದರೆ ಆಗುವುದು ಏನೂ ಆಗದಿರುವುದು: ನಾಯಕ ಬೀಳುವುದಿಲ್ಲ, ಅಷ್ಟೆ. ತಪ್ಪು ಮಾಡಿದರೆ ಮಾತ್ರ ರೆಫರಿ ಮೈಕು ಹಿಡಿದು ಇಡೀ ಸ್ಟೇಡಿಯಂಗೆ ಅವನ ಸಂಖ್ಯೆ ಕೂಗಿ ಹೇಳುತ್ತಾನೆ. ಎದುರಾಳಿಯ ಅಂಗಿ ಹಿಡಿದೆಳೆದದ್ದಕ್ಕೆ ಹತ್ತು ಗಜ ಹಿಂದಕ್ಕೆ, ಚೆಂಡು ಹೋಗುವ ಮೊದಲೇ ಕದಲಿದ್ದಕ್ಕೆ ಐದು ಗಜ. ಕರೆಂಟು ಇದ್ದ 364 ದಿನ ಹೆಸರೆತ್ತದ ಊರು, ಹೋದ ಒಂದು ರಾತ್ರಿ ಲೈನ್‌ಮನ್‌ನ ಹೆಸರನ್ನೇ ಜಪಿಸುವ ಹಾಗೆ. ಎರಡು ದೇಶಗಳಲ್ಲಿ ಎರಡು ಬೇರೆ ಕೆಲಸಕ್ಕೆ ಹೋದ ಈ ಪದಕ್ಕೆ ಸಿಕ್ಕಿದ್ದು ಮಾತ್ರ ಒಂದೇ ಹಣೆಬರಹ.

ಅಲ್ಲಿಯೂ ಇವರ ಬೆಲೆ ತಿಳಿದದ್ದು ಒಂದು ಕೆಟ್ಟ ರಾತ್ರಿ. 1985ರ ನವೆಂಬರ್ 18ರಂದು ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೀಸ್ಮನ್‌ನನ್ನು ನ್ಯೂಯಾರ್ಕಿನ ಲಾರೆನ್ಸ್ ಟೇಲರ್ ಕೆಡವಿದಾಗ ಥೀಸ್ಮನ್ ಕಾಲು ಮುರಿಯಿತು. ಟಿವಿಯಲ್ಲಿ ದೇಶವೆಲ್ಲ ನೋಡಿತು. ಆತ ಮತ್ತೆ ಆಡಲಿಲ್ಲ. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಗಡೆಗಿರುತ್ತದೆ, ಬರುವ ಅಪಾಯ ಅವನಿಗೆ ಕಾಣುವುದಿಲ್ಲ. ಅದನ್ನು ಕಾಯುವ ಎಡತುದಿಯ ಲೈನ್‌ಮನ್ ಆಮೇಲಿನ ವರ್ಷಗಳಲ್ಲಿ ಲೀಗಿನ ಅತಿ ಹೆಚ್ಚು ಸಂಬಳದವರ ಸಾಲಿಗೆ ಸೇರಿದ. ಮೈಕಲ್ ಲೂಯಿಸ್ 2006ರಲ್ಲಿ ಈ ಕಥೆಯ ಮೇಲೇ ‘ದ ಬ್ಲೈಂಡ್ ಸೈಡ್’ ಬರೆದ. ಹೆಸರು ಸಿಕ್ಕಿತೋ ಇಲ್ಲವೋ, ಸಂಬಳವಂತೂ ಸಿಕ್ಕಿತು. ನಮ್ಮ ಕಂಬ ಹತ್ತುವವರಿಗೆ ಸಿಕ್ಕಿರುವುದು ಮಾರ್ಚ್ 4ರ ಲೈನ್‌ಮನ್ ದಿವಸ.

ನಮ್ಮೂರುಗಳ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ನೋಡಿದವರಿಗೆ ಇನ್ನೊಂದು ಗೊತ್ತಿರಬೇಕು. ಅಲ್ಲಿ ವಾಲಿಬಾಲಿನ ಗೆರೆಯ ಮೂಲೆಯಲ್ಲಿ ಬಾವುಟ ಹಿಡಿದು ನಿಂತವನನ್ನೂ ಲೈನ್‌ಮನ್ ಅನ್ನುತ್ತಾರೆ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳದಲ್ಲಿ ಬೈಗುಳವೆಲ್ಲ ಅವನಿಗೆ. ಅಷ್ಟರಲ್ಲಿ ಲೈಟು ಹೋದರೆ ಬೈಗುಳ ಇನ್ನೊಬ್ಬ ಲೈನ್‌ಮನ್‌ಗೆ ವರ್ಗವಾಗುತ್ತದೆ. ಒಂದೇ ಮೈದಾನ, ಒಂದೇ ಹೆಸರು, ಇಬ್ಬರು ಅಪರಾಧಿಗಳು.

ಅಮೆರಿಕದ ಈ ಫುಟ್‌ಬಾಲ್ ಕರ್ನಾಟಕಕ್ಕೆ ಬರಲೇ ಇಲ್ಲ ಎನ್ನುವಂತಿಲ್ಲ. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬುದೊಂದು ಶುರುವಾಗಿ, ಅದರಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. ಹಾಲಿವುಡ್ಡಿನ ಮಾರ್ಕ್ ವಾಲ್‌ಬರ್ಗ್ ದುಡ್ಡು ಹಾಕಿದ್ದ. ಪಂದ್ಯಗಳು ನಡೆದದ್ದು ಶ್ರೀಲಂಕಾದಲ್ಲಿ, ಗೆದ್ದದ್ದು ಪುಣೆ. ಮನೆಯಂಗಳದಲ್ಲಿ ಆಡದ ತಂಡಕ್ಕೆ ಅಭಿಮಾನಿಗಳು ಎಲ್ಲಿಂದ ಹುಟ್ಟಬೇಕು?

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಈ ಆಟದ ಒಂದು ತಮ್ಮ ಬರುತ್ತಿದ್ದಾನೆ, ಫ್ಲ್ಯಾಗ್ ಫುಟ್‌ಬಾಲ್. ತಂಡಕ್ಕೆ ಐದು ಜನ. ಕೆಡವುವಂತಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ಮೈ ಅಡ್ಡ ಕೊಟ್ಟು ತಡೆಯುವಂತಿಲ್ಲ, ಐವರೂ ಚೆಂಡು ಹಿಡಿಯಬಹುದು. ಅಂದರೆ ಅದರಲ್ಲಿ ಲೈನ್‌ಮನ್ ಇಲ್ಲ. ಮಕ್ಕಳು ಆಡಲು ಒಳ್ಳೆಯದು, ನಮ್ಮ ಶಾಲೆಗಳ ಮೈದಾನಕ್ಕೂ ಹೊಂದುತ್ತದೆ, ನೋಡುವವರು ಖಂಡಿತ ನೋಡಿ. ನನಗೆ ಮಾತ್ರ ಆ ಐವರಿಲ್ಲದ ಆಟ ಬೇಡ. ಸೋಮವಾರದ ಬೆಳಗಿನ ಐದು ಗಂಟೆಯೇ ಸಾಕು, ಆ ಹೊತ್ತಿಗೆ ಕರೆಂಟೊಂದು ಇದ್ದರೆ.