ಹೆಣ್ಣುಮಕ್ಕಳ ಹೆಸರು ಯಾವ ಕಾಗದದಲ್ಲಿದೆ?

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಭೂಮಿಗೆ ಬಂಗಾರದ ಬೆಲೆ ಬಂತು. ಟ್ರಂಕಿನಲ್ಲಿದ್ದ ಹಳೇ ಕಾಗದಗಳೂ ಹೊರಬಂದವು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಸಹಿಗೆ ಮೊದಲು ಆ ಹಳೇ ಕಾಗದಗಳು ಏನು ಹೇಳುತ್ತವೆ ನೋಡೋಣ.

ಮೊದಲು ಜನಗಣತಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಜನಗಣತಿ ಆಗಿದೆ. ಮುತ್ತಜ್ಜನ ಮನೆಯಲ್ಲಿ ಯಾರ್ಯಾರಿದ್ದರು ಅಂತ ಅದರಲ್ಲಿ ಸಿಗಬಹುದು ಅನಿಸುತ್ತದೆ. ಆದರೆ ಅಚ್ಚಾದ ವರದಿಗಳಲ್ಲಿ ಇರುವುದು ತಲೆ ಲೆಕ್ಕ, ಮನೆಮಂದಿಯ ಹೆಸರಲ್ಲ. ಇಂಗ್ಲೆಂಡಿನಲ್ಲಿ 100 ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಹೆಸರಿನ ಪಟ್ಟಿಯನ್ನೇ ಜನರಿಗೆ ತೆರೆದಿಡುತ್ತಾರೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಆ ದಾಖಲೆಯನ್ನು ನೋಡುವಂತಿಲ್ಲ, ಆಸ್ತಿ ಕೇಸಿನಲ್ಲಿ ಸಾಕ್ಷಿಯಾಗಿಯೂ ನಡೆಯುವುದಿಲ್ಲ. ಮಗಳ ಹೆಸರು ಬೇಕಿದ್ದರೆ ಶಾಲೆಯ ದಾಖಲಾತಿ ಪುಸ್ತಕ, ಜನನ ನೋಂದಣಿ, ಹಳೇ ರೇಷನ್ ಕಾರ್ಡು ಹುಡುಕಬೇಕು.

ಇನ್ನು ಉಯಿಲು. ಇದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ನೋಂದಣಿ ಆಗಿದ್ದರೂ ಇಸಿಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಉಯಿಲುಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಬರೆದವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಕೊಟ್ಟು, ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಬಹುದು. ಉಯಿಲು ಹಳೆಯದು ಅಂದಮಾತ್ರಕ್ಕೆ ನಿಜವೆಂದು ಕೋರ್ಟು ಒಪ್ಪುವುದಿಲ್ಲ. ಮುಖ್ಯವಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪ ಉಯಿಲು ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ.

ಹಾಗಾದರೆ ಮಗಳ ಪಾಲು ಎಷ್ಟು? ಅದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೈಸೂರು ಸಂಸ್ಥಾನದ 1933ರ ಕಾಯ್ದೆ, ಮನೆ ಪಾಲಾಗುವಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ ಕೊಟ್ಟಿತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು.

ಹಾಗಾಗಿ ಪಾಲುಪತ್ರ ಕೈಗೆ ಬಂದರೆ ಮೊದಲು ತಾರೀಕು ನೋಡಿ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಅದನ್ನು ಈ ತಿದ್ದುಪಡಿ ಅಲುಗಾಡಿಸುವುದಿಲ್ಲ. "ಪಂಚಾಯ್ತಿ ಸೇರಿಸಿ ಬಾಯಿಮಾತಲ್ಲೇ ಪಾಲಾಗಿತ್ತು" ಎಂದರೆ ಸಾಮಾನ್ಯವಾಗಿ ಸಾಲದು, ಅದಕ್ಕೆ ಸರ್ಕಾರಿ ದಾಖಲೆಯ ಬೆಂಬಲ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಹಕ್ಕೇನೂ ಹೋಗುವುದಿಲ್ಲ, ಕೋರ್ಟಿಗೆ ಅಲೆಯುವುದು ಮಾತ್ರ ಹೆಚ್ಚುತ್ತದೆ.

ತಂಗಿ ಮನಸಾರೆ ಪಾಲು ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಆದರೆ ಏನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಬಿಡಲಿ.