ಹಿಟ್ಟಿನ ಚೀಲದ ಫ್ರಾಕು: ಪ್ಯಾಕಿಂಗ್ ಬಟ್ಟೆ ತೊಟ್ಟ ಹಳ್ಳಿಗಳ ಕಥೆ

ವಿಡಿಯೋ ನೋಡೋಕೆ ಟೈಮ್ ಸಿಗದೆ, ಮೆಟ್ರೋದಲ್ಲೋ ಕ್ಯಾಬಿನಲ್ಲೋ ಕೂತು ಓದುವವರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಇವತ್ತಿನ ವಿಷಯ ಹೊಲಿಗೆ. ಮನೇಲಿ ಬಿದ್ದಿರೋ ಅಗ್ಗದ ಬಟ್ಟೆಯನ್ನ ಕತ್ತರಿಸಿ, ಹೊಲಿಗೆ ಇನ್ನೂ ಪೂರ್ತಿ ಕೈಹತ್ತದ ಜನ ತಮಗೆ ಬೇಕಾದ ಉಡುಪನ್ನ ತಾವೇ ಮಾಡಿಕೊಂಡ ಇತಿಹಾಸ. ಇದಕ್ಕೆ ನಾನು ಆರಿಸಿಕೊಂಡಿರೋದು ಅಮೆರಿಕದ ಹಳ್ಳಿಗಳನ್ನ, ಸುಮಾರು 1920ರಿಂದ 1960ರವರೆಗಿನ ಕಾಲವನ್ನ. ಆ ನಲವತ್ತು ವರ್ಷ ಅಲ್ಲಿ ಲಕ್ಷಾಂತರ ಹೆಂಗಸರು, ಮಕ್ಕಳು ತೊಟ್ಟಿದ್ದು ಗೋಧಿ ಹಿಟ್ಟು, ಸಕ್ಕರೆ, ಕೋಳಿ ಆಹಾರ ತುಂಬಿ ಬಂದ ಚೀಲಗಳನ್ನ ಬಿಚ್ಚಿ ಹೊಲಿದ ಬಟ್ಟೆ.

ಈ ಕಥೆಯನ್ನ ಸಾಮಾನ್ಯವಾಗಿ "ಬಡತನದಲ್ಲೂ ಎಂಥ ಜಾಣತನ ನೋಡಿ" ಅಂತ ಹೇಳಿ ಮುಗಿಸಿಬಿಡ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತೆ. ಆ ಹೆಂಗಸರ ಕೆಲಸ ಒಂದು ಇಡೀ ಉದ್ಯಮದ ದಿಕ್ಕನ್ನೇ ತಿರುಗಿಸಿತು. ಆ ಕೆಲಸಕ್ಕೆ ಸಂಬಳ ಇರಲಿಲ್ಲ, ಡಿಸೈನರ್ ಅನ್ನೋ ಹೆಸರೂ ಇರಲಿಲ್ಲ. ಉಳಿದ ಅರ್ಧ ಅದು.

ಪೀಪಾಯಿಯಿಂದ ಚೀಲಕ್ಕೆ

19ನೇ ಶತಮಾನದ ಮಧ್ಯದವರೆಗೂ ಅಮೆರಿಕದಲ್ಲಿ ಹಿಟ್ಟು ಸಾಗುತ್ತಿದ್ದದ್ದು ಮರದ ಪೀಪಾಯಿಯಲ್ಲಿ. ಬಟ್ಟೆ ಚೀಲಕ್ಕೆ ಕೈಹೊಲಿಗೆ ಹಾಕಿದರೆ ಭಾರಕ್ಕೆ ಬಾಯಿ ಬಿಡುತ್ತಿತ್ತು. 1846ರಲ್ಲಿ ಎಲಿಯಾಸ್ ಹೋವ್ ಲಾಕ್‌ಸ್ಟಿಚ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದಿನ ಕೆಲವು ದಶಕಗಳಲ್ಲಿ ಯಂತ್ರದ ಹೊಲಿಗೆ ಎಷ್ಟು ಗಟ್ಟಿಯಾಯಿತು ಅಂದರೆ, ಹತ್ತಿ ಚೀಲವೇ ಪೀಪಾಯಿಯ ಜಾಗಕ್ಕೆ ಬಂತು. ಹಗುರ, ಅಗ್ಗ, ಮಡಚಿ ಇಡಬಹುದು.

ಇಲ್ಲಿ ನಮ್ಮಂಥವರಿಗೆ ಇಷ್ಟವಾಗೋ ಒಂದು ವಿಚಾರ ಇದೆ. ಹಿಟ್ಟಿನ ಚೀಲ 100 ಪೌಂಡಿನದ್ದಾಗಿರಲಿಲ್ಲ, 98 ಪೌಂಡಿನದ್ದು! ಅದಕ್ಕಿಂತ ಚಿಕ್ಕದು 49. ಯಾಕೆ? ಒಂದು ಪೀಪಾಯಿ ಹಿಟ್ಟು ಅಂದರೆ 196 ಪೌಂಡ್, ಅಂದರೆ 14 ಸ್ಟೋನ್. ಚೀಲ ಅದರ ಅರ್ಧ, ಕಾಲು. ಪೀಪಾಯಿ ಹೋದ ಮೇಲೂ ಪೀಪಾಯಿಯ ಲೆಕ್ಕ ಉಳೀತು. ಶುದ್ಧ ಲೆಗಸಿ ಕೋಡ್. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರ ಅಳತೆಗಳನ್ನ 25, 50, 100 ಅಂತ ನೇರ ಮಾಡೋವರೆಗೂ ಇದು ಹೀಗೇ ನಡೆದಿತ್ತು.

ಬಿಚ್ಚೋದೇ ಮೊದಲ ಪಾಠ

ಚೀಲದ ಬಾಯಿಗೆ ಹಾಕ್ತಿದ್ದದ್ದು ಚೈನ್ ಸ್ಟಿಚ್. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತೆ, ತಪ್ಪು ತುದಿ ಹಿಡಿದರೆ ಗಂಟು ಬೀಳುತ್ತೆ. ನೀವು 25 ಕೆಜಿ ಅಕ್ಕಿ ಮೂಟೆ ಬಿಚ್ಚಿದವರಾದರೆ ಇದು ನಿಮಗೆ ಗೊತ್ತೇ ಇದೆ. ಎಳೆದ ದಾರವನ್ನೂ ಎಸೀತಿರಲಿಲ್ಲ. ಉಂಡೆ ಸುತ್ತಿಟ್ಟು ಕ್ರೋಶಾ ಹೆಣಿಗೆಗೋ ಕ್ವಿಲ್ಟ್ ಹೊಲಿಯೋಕೋ ಬಳಸ್ತಿದ್ದರು.

ಆಮೇಲೆ ಕಂಪನಿಯ ಮುದ್ರೆ ತೆಗೆಯೋ ಕೆಲಸ. ಹಂದಿ ಕೊಬ್ಬನ್ನೋ ಸೀಮೆಎಣ್ಣೆಯನ್ನೋ ಶಾಯಿಗೆ ತಿಕ್ಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮನೆಯಲ್ಲೇ ಮಾಡಿದ ಖಾರದ ಸೋಪಿನಲ್ಲಿ ಕುದಿಸಿ ಒಗೆಯೋದು. ಆದರೂ ಮುದ್ರೆ ಪೂರ್ತಿ ಹೋಗ್ತಿರಲಿಲ್ಲ. ಒಳ ಉಡುಪಿನ ಹಿಂಭಾಗದಲ್ಲಿ ಹಿಟ್ಟಿನ ಬ್ರಾಂಡು ಕಾಣಿಸಿದ ಜೋಕುಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಜೋಕಿನ ಹಿಂದೆ ನಾಚಿಕೆಯೂ ಇತ್ತು. ಶಾಲೆಗೆ ಹೋಗೋ ಹುಡುಗಿಗೆ ತನ್ನ ಫ್ರಾಕು ಚೀಲದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗೋದು ಬೇಕಿರಲಿಲ್ಲ. ಅದಕ್ಕೇ ಅಂಚಿಗೆ ಲೇಸು, ಕತ್ತಿಗೆ ಬಣ್ಣದ ಪಟ್ಟಿ, ಹಳೇ ಅಂಗಿಯಿಂದ ಬಿಚ್ಚಿದ ಗುಂಡಿ.

ಆ ಗುರುತು ಅಳಿಸೋಕೆ ಎಷ್ಟು ಗಂಟೆ ಕೆಲಸ ಹಿಡೀತಿತ್ತು ಯೋಚಿಸಿ. ಬಟ್ಟೆ ಪುಕ್ಕಟೆ ಅಂತೀವಿ, ಪುಕ್ಕಟೆ ಆಗಿದ್ದದ್ದು ಆ ಶ್ರಮ.

ಹತ್ತಿ ಬೆಳೆದವರಿಗೇ ಬಟ್ಟೆ ಇಲ್ಲ

1929ರ ಕುಸಿತದ ನಂತರ ಹತ್ತಿಯ ಬೆಲೆ ಎರಡು ಮೂರು ವರ್ಷಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳೀತು. ದಕ್ಷಿಣದ ರಾಜ್ಯಗಳಲ್ಲಿ ಬೇರೆಯವರ ಹೊಲವನ್ನ ಪಾಲಿಗೆ ಮಾಡ್ತಿದ್ದ ಕುಟುಂಬಗಳು, ಕರಿಯರೂ ಬಿಳಿಯರೂ, ವರ್ಷವಿಡೀ ಹತ್ತಿ ಬಿಡಿಸಿ ವರ್ಷದ ಕೊನೆಗೆ ಸಾಲದಲ್ಲೇ ಉಳೀತಿದ್ದರು. 1933ರಲ್ಲಿ ಬೆಲೆ ಏರಿಸೋಕೆ ಅಂತ ಸರ್ಕಾರ ಹಣ ಕೊಟ್ಟು ಬೆಳೆದು ನಿಂತ ಹತ್ತಿಯನ್ನೇ ಉಳುಸಿಹಾಕಿಸಿತು, ಸುಮಾರು ಒಂದು ಕೋಟಿ ಎಕರೆ. ಆ ಹಣ ಬಹುಪಾಲು ಸೇರಿದ್ದು ಜಮೀನಿನ ಒಡೆಯರಿಗೆ.

ಅದೇ ವರ್ಷಗಳಲ್ಲಿ ಅದೇ ಹೊಲಗಳ ಪಕ್ಕದ ಗುಡಿಸಲುಗಳಲ್ಲಿ ಮಕ್ಕಳು ತೊಟ್ಟಿದ್ದದ್ದು ಚೀಲ. ತಾವು ಬೆಳೆದ ಹತ್ತಿ ಅವರ ಮೈಮೇಲೆ ಬರಬೇಕಾದರೆ ಹಿಟ್ಟಿನ ಸುತ್ತ ಸುತ್ತಿಕೊಂಡು ಬರಬೇಕಿತ್ತು. ಈ ಸಂಗತಿಯನ್ನ ಬಿಟ್ಟು ಚೀಲದ ಫ್ರಾಕನ್ನ ಬರೀ "ಕ್ಯೂಟ್ ವಿಂಟೇಜ್" ಅಂತ ನೋಡೋದು ನನ್ನ ಪ್ರಕಾರ ಸರಿಯಲ್ಲ.

ಯೂಸರ್ ಮೊದಲು, ಫೀಚರ್ ಆಮೇಲೆ

ಈಗ ಉದ್ಯಮದ ಕಡೆ ಬರೋಣ. 1924ರಲ್ಲಿ ಏಸಾ ಬೇಲ್ಸ್ ಅನ್ನೋರು ಒಂದು ಪೇಟೆಂಟ್ ಅರ್ಜಿ ಹಾಕ್ತಾರೆ. ಹಿಟ್ಟಿನ ಚೀಲವನ್ನ ಬಿಳಿ ಒರಟು ಬಟ್ಟೆಯ ಬದಲು ಚೌಕಳಿಯ ಗಿಂಗಮ್ ಬಟ್ಟೆಯಲ್ಲಿ ಮಾಡೋದು, ಖಾಲಿಯಾದ ಮೇಲೆ ಅದನ್ನ ಉಡುಪಿಗೆ ಬಳಸಲಿ ಅನ್ನೋ ಉದ್ದೇಶದಿಂದಲೇ. ಸೇಂಟ್ ಲೂಯಿಸ್‌ನ ಜಾರ್ಜ್ ಪಿ. ಪ್ಲಾಂಟ್ ಮಿಲ್ಲಿಂಗ್ ಕಂಪನಿ "ಗಿಂಗಮ್ ಗರ್ಲ್" ಹಿಟ್ಟಿನ ಮೂಲಕ ಇದನ್ನ ಮಾರುಕಟ್ಟೆಗೆ ತಂತು. ಮುಂದೆ ಬೆಮಿಸ್, ಪರ್ಸಿ ಕೆಂಟ್ ಥರದ ಚೀಲ ಕಂಪನಿಗಳು ಹೂವು, ಚುಕ್ಕಿ, ಪಟ್ಟೆ ಅಂತ ನೂರಾರು ಡಿಸೈನ್ ಅಚ್ಚು ಹಾಕಿಸಿದವು. ಮುದ್ರೆಯ ಬದಲು ನೀರಿಗೆ ಬಿಡೋ ಶಾಯಿ, ಕಿತ್ತು ತೆಗೆಯಬಹುದಾದ ಕಾಗದದ ಲೇಬಲ್ ಬಂದವು.

ಇದು ಪೇಟೆಂಟ್ ಆಫೀಸಿನಲ್ಲಿ ಹುಟ್ಟಿದ ಐಡಿಯಾ ಅಲ್ಲ. ಹಳ್ಳಿ ಮನೆಗಳಲ್ಲಿ ಹೆಂಗಸರು ಆಗಲೇ ದಶಕಗಳಿಂದ ಚೀಲ ಹೊಲೀತಿದ್ದರು. ನಮ್ಮ ಭಾಷೇಲಿ ಹೇಳೋದಾದರೆ, ಯೂಸರ್ ಮಾಡಿಕೊಂಡ ಅಡ್ಡದಾರಿಯನ್ನ ಕಂಪನಿ ಗಮನಿಸಿ ಅಧಿಕೃತ ಫೀಚರ್ ಮಾಡಿತು, ತನ್ನ ಹೆಸರು ಹಾಕಿಕೊಂಡಿತು.

ಇದರಿಂದ ಅಂಗಡಿಯ ಲೆಕ್ಕಾಚಾರವೂ ಬದಲಾಯಿತು. ಕೋಳಿ ಸಾಕಣೆ, ಮೊಟ್ಟೆ ಮಾರಿದ ದುಡ್ಡು ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿತ್ತು. 100 ಪೌಂಡಿನ ಚೀಲ ಬಿಚ್ಚಿ ಹರಡಿದರೆ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆ. ದೊಡ್ಡವರ ಒಂದು ಉಡುಪಿಗೆ ಒಂದೇ ಡಿಸೈನಿನ ಮೂರು ಚೀಲ ಬೇಕು. ಹಾಗಾಗಿ ಗಂಡ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಬಟ್ಟೆಯ ತುಂಡು, "ಇದೇ ಹೂವಿನದ್ದು ತನ್ನಿ" ಅನ್ನೋ ಆಜ್ಞೆ. ಆ ಹೂವಿನ ಚೀಲ ಯಾವಾಗಲೂ ರಾಶಿಯ ತಳದಲ್ಲೇ ಇರೋದು! ಮೇಲಿನದನ್ನೆಲ್ಲ ಎತ್ತಿಟ್ಟು ತೆಗೆಯೋ ಅಂಗಡಿಯವನ ಪಾಡು ಕೇಳಬೇಡಿ. ಕೋಳಿಗೆ ಯಾವ ಕಂಪನಿಯ ಆಹಾರ ಅನ್ನೋದನ್ನ ಫ್ರಾಕಿನ ಬಣ್ಣ ತೀರ್ಮಾನಿಸ್ತಿತ್ತು.

ಕತ್ತರಿಯ ಭಯ

ಹೊಲಿಗೆ ಹೊಸದಾಗಿ ಕಲಿಯೋರಿಗೆ ದೊಡ್ಡ ಅಡ್ಡಿ ಸೂಜಿಯಲ್ಲ, ಕತ್ತರಿ. ಒಳ್ಳೇ ಬಟ್ಟೆಗೆ ಮೊದಲ ಸಲ ಕತ್ತರಿ ಹಾಕುವಾಗ ಕೈ ನಡುಗುತ್ತೆ, ಯಾಕಂದ್ರೆ ಅಲ್ಲಿ ಅನ್‌ಡೂ ಇಲ್ಲ. ಚೀಲ ಆ ಭಯವನ್ನ ತೆಗೆದುಹಾಕಿತು. ಹಾಳಾದರೆ ಆಗಲಿ, ಪಾತ್ರೆ ಒರೆಸೋ ಬಟ್ಟೆ ಆಗುತ್ತೆ.

ಕಲಿಕೆಗೆ ಒಂದು ಕ್ರಮವೂ ಇತ್ತು. ಮೊದಲು ಒರೆಸೋ ಬಟ್ಟೆಯ ನಾಲ್ಕು ಅಂಚು ಮಡಚಿ ಹೊಲಿಯೋದು, ಬರೀ ನೇರ ಗೆರೆ. ಆಮೇಲೆ ದಿಂಬಿನ ಚೀಲ. ಅದಾದ ಮೇಲೆ ಏಪ್ರನ್, ಅಂದರೆ ನೆರಿಗೆ ಹಿಡಿದು ಪಟ್ಟಿಗೆ ಜೋಡಿಸೋದು. ಕೊನೆಗೆ ಫ್ರಾಕು, ಕತ್ತಿನ ಸುತ್ತು, ತೋಳಿನ ಬಾಯಿ. ಸಕ್ಕರೆ ಚೀಲದ ನೇಯ್ಗೆ ನಯ, ಅದು ಮಕ್ಕಳ ಬಟ್ಟೆಗೆ. ಕೋಳಿ ಆಹಾರದ್ದು ಒರಟು, ಅದು ಟವೆಲ್ಲಿಗೆ. ಚೀಲ ತಯಾರಕರ ಸಂಘ ಹೊಲಿಗೆ ಕಿರುಪುಸ್ತಕಗಳನ್ನ ಹಂಚ್ತಿತ್ತು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಬಲ ಪಡೆದ ಕೃಷಿ ವಿಸ್ತರಣಾ ವ್ಯವಸ್ಥೆಯ ಮಹಿಳಾ ಕಾರ್ಯಕರ್ತೆಯರು ಹಳ್ಳಿಗೆ ಬಂದು ಹೇಳಿಕೊಡ್ತಿದ್ದರು. ದಕ್ಷಿಣದಲ್ಲಿ ಕರಿಯ ಮಹಿಳೆಯರಿಗೆ ಬೇರೆಯೇ ಕಾರ್ಯಕರ್ತೆಯರು, ಅವರಿಗೆ ಕಡಿಮೆ ಸಂಬಳ, ಕಡಿಮೆ ಸಾಮಗ್ರಿ. ಅದನ್ನೂ ಮರೆಯೋ ಹಾಗಿಲ್ಲ.

ಕಾಗದ ಬಂತು

ಯುದ್ಧದ ಕಾಲದಲ್ಲಿ ಬಟ್ಟೆಗೆ ಅಭಾವ ಬಂದಾಗ ಚೀಲದ ಉಡುಪು ನಾಚಿಕೆಯ ವಸ್ತುವಿನಿಂದ ದೇಶಪ್ರೇಮದ ವಸ್ತುವಾಯಿತು. ಯುದ್ಧ ಮುಗೀತಿದ್ದ ಹಾಗೆ ಕಾಗದದ ಚೀಲ ಅಗ್ಗವಾಯಿತು. ಹತ್ತಿ ಉದ್ಯಮ ಸ್ಪರ್ಧೆ ಏರ್ಪಡಿಸಿ, ಚೀಲದಲ್ಲಿ ಹೊಲಿದವರಿಗೆ ಬಹುಮಾನ ಕೊಟ್ಟು ನೋಡಿತು. ಅಂಥ ಸ್ಪರ್ಧೆಗೆ 1959ರಲ್ಲಿ ಕ್ಯಾನ್ಸಸ್‌ನ ಒಬ್ಬ ಮಹಿಳೆ ಹೊಲಿದ ಉಡುಪು ಇವತ್ತು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೂ 1960ರ ದಶಕದ ಹೊತ್ತಿಗೆ ಆಟ ಹೆಚ್ಚುಕಡಿಮೆ ಮುಗಿದಿತ್ತು. ಹೆಂಗಸರಿಗೆ ಚೀಲ ಬೇಡವಾಗಿದ್ದರಿಂದಷ್ಟೇ ಅಲ್ಲ, ಕಂಪನಿಗೆ ಕಾಗದದಲ್ಲಿ ಕೆಲವು ಸೆಂಟು ಉಳೀತಿದ್ದರಿಂದ. ಫೀಚರ್ ಕೊಟ್ಟವರೇ ವಾಪಸ್ ತಗೊಂಡರು.

ನಮ್ಮ ಕಡೆ

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರ, ಅಂಗಿ ತುಂಡುಗಳನ್ನ ಪದರ ಪದರ ಇಟ್ಟು ಹೊಲಿದ ಹೊದಿಕೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯಲ್ಲಿ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ "ಫುಲ" ಇಡ್ತಾರೆ. ಅದಿಲ್ಲದೆ ಕೌದಿ ಪೂರ್ತಿ ಆಗಲ್ಲ. ಒಂದು ವ್ಯತ್ಯಾಸ ಇದೆ. ಚೀಲದ ಫ್ರಾಕಿಗೆ ಬಟ್ಟೆ ಬಂದದ್ದು ಮಾರುಕಟ್ಟೆಯಿಂದ, ಮಾರುಕಟ್ಟೆ ಬೇಡ ಅಂದಾಗ ನಿಂತುಹೋಯಿತು. ಕೌದಿಗೆ ಬಟ್ಟೆ ಬರೋದು ಮನೆಯವರ ಮೈಮೇಲಿಂದ. ಅದಕ್ಕೇ ಅದು ಇನ್ನೂ ಉಳಿದಿದೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಫ್ಲ್ಯಾಟಿನ ಬೀರುವಿನಲ್ಲಿ ಹಳೇ ಬೆಡ್‌ಶೀಟು, ಕರ್ಟನ್ನು ಇಟ್ಟುಕೊಂಡು ಹೊಲಿಗೆ ಶುರು ಮಾಡಬೇಕು ಅಂತಿರೋರಿಗೆ ಈ ಇತಿಹಾಸದಿಂದ ಒಂದೇ ಸಲಹೆ: ಮೊದಲು ನೇರ ಗೆರೆ. ಫ್ರಾಕು ಆಮೇಲೆ.

ಈ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: ನಿಮ್ಮ ಮನೆಯಲ್ಲಿ ಯಾವ ಬಟ್ಟೆ ಏನಾಗಿ ಬದಲಾಗ್ತಿತ್ತು, ಹೊಲೀತಿದ್ದವರು ಯಾರು? ಅವರ ಹೆಸರನ್ನ ಒಂದು ಕಡೆ ಬರೆದಿಡಿ. ಚೀಲ ಮಾಡಿದ ಕಂಪನಿಗಳ ಹೆಸರು ಇತಿಹಾಸದಲ್ಲಿ ಉಳಿದಿದೆ, ಹೊಲಿದವರದ್ದು ಬಹಳ ಕಡಿಮೆ. ಮುಂದಿನ ವಾರ ಸಿಗೋಣ.